ವಾಂತಿ, ಎದೆ ಊತ, ಏರಿದ ಟಿಎಸ್‌ಎಚ್: ಡಯಾಲಿಸಿಸ್ ರೋಗಿಯ ಮಾತ್ರೆಗಳ ಒಳಜಗಳ

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು, ಒಂದೂವರೆ ವರ್ಷದಿಂದ ವಾರಕ್ಕೆ 3 ಸಲ ಹೀಮೋಡಯಾಲಿಸಿಸ್ ನಡೆಯುತ್ತಿದೆ. ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) 940 ಇತ್ತು. ಅದನ್ನು ಇಳಿಸಲು 4 ತಿಂಗಳ ಹಿಂದೆ ಸಿನಾಕ್ಯಾಲ್ಸೆಟ್ ಶುರು ಮಾಡಿದರು, ಈಗ ದಿನಕ್ಕೆ 60 ಮಿಲಿಗ್ರಾಂ. ಪಿಟಿಎಚ್ 410ಕ್ಕೆ ಇಳಿದಿದೆ. ಆದರೆ ಹೊಟ್ಟೆ ತೊಳಸುತ್ತದೆ, ವಾಂತಿ ಬಂದ ಹಾಗಾಗುತ್ತದೆ ಅಂತ ಬೇರೊಬ್ಬ ಡಾಕ್ಟರು ಡಾಂಪೆರಿಡೋನ್ ಕೊಟ್ಟರು. 2 ತಿಂಗಳಿಂದ ದಿನಕ್ಕೆ 3 ಮಾತ್ರೆ ನುಂಗುತ್ತಿದ್ದಾರೆ. ಈಗ ಎರಡೂ ಎದೆ ಊದಿಕೊಂಡಿದೆ, ಅಂಗಿ ತಾಗಿದರೂ ನೋವು ಅನ್ನುತ್ತಾರೆ. ರಕ್ತದ ಕ್ಯಾಲ್ಸಿಯಂ 7.6, ಅಲ್ಬುಮಿನ್ 3.7. ಥೈರಾಯ್ಡ್ ಮಾತ್ರೆಯನ್ನು ವರ್ಷಗಳಿಂದ ತಪ್ಪದೆ ತೆಗೆದುಕೊಂಡರೂ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದಾಗ ಏರುವ ಹಾರ್ಮೋನ್) 14 ಬಂದಿದೆ. ಎಚ್‌ಬಿಎ1ಸಿ 5.9 ಇದೆ, ತುಂಬಾ ಚೆನ್ನಾಗಿದೆ ಅಂದರು. ಆದರೆ ಮನೆಯ ಮೀಟರ್‌ನಲ್ಲಿ ಶುಗರ್ ಹಲವು ಸಲ 200 ದಾಟುತ್ತದೆ, ಡಯಾಲಿಸಿಸ್ ಆದ ರಾತ್ರಿ 60ಕ್ಕೆ ಇಳಿದದ್ದೂ ಇದೆ. ಇದಲ್ಲದೆ ಸೆವೆಲಾಮರ್ (ರಂಜಕ ಹಿಡಿಯುವ ಮಾತ್ರೆ), ಕ್ಯಾಲ್ಸಿಟ್ರಿಯಾಲ್ (ಸಕ್ರಿಯ ವಿಟಮಿನ್ ಡಿ), ಮೆಟೊಪ್ರೊಲಾಲ್ (ಬಿಪಿ, ಹೃದಯದ ಮಾತ್ರೆ), ಅಟೊರ್ವಾಸ್ಟಾಟಿನ್ (ಕೊಲೆಸ್ಟ್ರಾಲ್ ಮಾತ್ರೆ), ಇನ್ಸುಲಿನ್, ಕಬ್ಬಿಣದ ಇಂಜೆಕ್ಷನ್ ಇವೆ. ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಡೋಸ್ 2 ತಿಂಗಳ ಹಿಂದೆ ಜಾಸ್ತಿ ಮಾಡಿದ್ದಾರೆ, ಹಿಮೋಗ್ಲೋಬಿನ್ 10.8. ಕೂದಲು ಉದುರುತ್ತದೆ ಅಂತ ಬಯೋಟಿನ್ ಬೇರೆ. ಇವೆಲ್ಲ ಹೊಸ ಕಾಯಿಲೆಗಳಾ, ಇಲ್ಲ ಮಾತ್ರೆಗಳಿಂದಲೇ ಆಗುತ್ತಿದೆಯಾ? ಯಾವುದನ್ನಾದರೂ ನಿಲ್ಲಿಸಬಹುದಾ? ಮುಂದೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ಗೆ ಹೋಗುವ ಯೋಚನೆಯೂ ಇದೆ.

ಉತ್ತರ: ನೀವು ಬರೆದಿರುವುದನ್ನು ಓದಿದರೆ ಹೊಸ ಕಾಯಿಲೆ ಒಂದೂ ಕಾಣುವುದಿಲ್ಲ. ಒಂದು ಮಾತ್ರೆ ಮಾಡಿದ ತೊಂದರೆಗೆ ಇನ್ನೊಂದು ಮಾತ್ರೆ ಬಂದಿದೆ, ಆ ಎರಡನೆಯದು ಮೂರನೆಯ ತೊಂದರೆ ತಂದಿದೆ. ಪಕ್ಕದಲ್ಲೇ, ಒಟ್ಟಿಗೆ ನುಂಗಬಾರದ ಎರಡು ಮಾತ್ರೆಗಳು ಬಹುಶಃ ಒಟ್ಟಿಗೆ ಹೊಟ್ಟೆ ಸೇರುತ್ತಿವೆ. ಒಂದು ಲ್ಯಾಬ್ ರಿಪೋರ್ಟ್ ಅಂತೂ ಸುಳ್ಳು ಹೇಳುತ್ತಿದೆ. ಇದನ್ನು ಬಿಡಿಸಿ ನೋಡಬಹುದು. ಆದರೆ ಒಂದು ವಿಷಯ ಕಾಯುವಂಥದ್ದಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಕ್ಯಾಲ್ಸಿಯಂ 7.6 ಮತ್ತು ಡಾಂಪೆರಿಡೋನ್, ಇವೆರಡು ಒಟ್ಟಿಗೆ ಇರಬಾರದು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗುತ್ತದೆ. ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಸಿದ್ಧವಾಗಲು ಹಿಡಿಯುವ ಹೊತ್ತು ಜಾಸ್ತಿಯಾಗುತ್ತದೆ ಅಂತ ಇಟ್ಟುಕೊಳ್ಳಿ. ಡಾಂಪೆರಿಡೋನ್ ಕೂಡ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಅಪಾಯಕಾರಿಯಾದ ಲಯ ತಪ್ಪುವಿಕೆ ಶುರುವಾಗಬಹುದು. ಡಯಾಲಿಸಿಸ್ ಹೊತ್ತಿನಲ್ಲಿ ಪೊಟ್ಯಾಸಿಯಂ ಬೇಗ ಇಳಿಯುವುದರಿಂದ ಇವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಡಾಂಪೆರಿಡೋನ್‌ಗೆ ಕಡಿವಾಣ ಹಾಕಿದರು. ದೊಡ್ಡವರಿಗೆ 10 ಮಿಲಿಗ್ರಾಂನಂತೆ ದಿನಕ್ಕೆ ಹೆಚ್ಚೆಂದರೆ 3 ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು, ಲವಣಾಂಶ ಏರುಪೇರಾದವರಿಗೆ ಕೊಡಲೇಬಾರದು. ಕಿಡ್ನಿ ಕೆಟ್ಟವರಲ್ಲಿ ಇನ್ನೂ ಕಡಿಮೆ ಸಲ ಕೊಡಬೇಕು. ನಿಮ್ಮ ತಂದೆ 2 ತಿಂಗಳಿಂದ 3 ಹೊತ್ತು ತೆಗೆದುಕೊಳ್ಳುತ್ತಿದ್ದಾರೆ.

ಹಾಗಾಗಿ ಇವತ್ತೇ ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ. ಕ್ಯಾಲ್ಸಿಯಂ ಇಷ್ಟಿದೆ, ಸಿನಾಕ್ಯಾಲ್ಸೆಟ್, ಡಾಂಪೆರಿಡೋನ್ ಎರಡೂ ನಡೆಯುತ್ತಿವೆ, ಒಂದು ಇಸಿಜಿ ಬೇಕು ಅಂತ ಹೇಳಿ. ನಿಮ್ಮ ಪಟ್ಟಿಯಲ್ಲಿ ಮೊದಲು ನಿಲ್ಲಿಸಿ ಆಮೇಲೆ ಡಾಕ್ಟರಿಗೆ ತಿಳಿಸಬಹುದಾದವು ಎರಡೇ, ಡಾಂಪೆರಿಡೋನ್ ಮತ್ತು ಬಯೋಟಿನ್. ಉಳಿದ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ಅನ್ನಂತೂ ಥಟ್ಟನೆ ಬಿಟ್ಟರೆ ಹೃದಯಕ್ಕೆ ಪೆಟ್ಟು. ತಲೆ ಸುತ್ತಿ ಬೀಳುವುದು, ಎದೆ ಡವಡವ ಹೊಡೆದುಕೊಳ್ಳುವುದು, ಬಾಯಿ ಸುತ್ತ ಅಥವಾ ಬೆರಳ ತುದಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು, ಫಿಟ್ಸ್, ಇವುಗಳಲ್ಲಿ ಏನೇ ಕಂಡರೂ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಈ ಸರಪಳಿ ಶುರುವಾದ ಜಾಗಕ್ಕೆ ಬರೋಣ. ಕಿಡ್ನಿ ಬರೀ ಸೋಸುವ ಅಂಗ ಅಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಅದು ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ತರುತ್ತದೆ. ರಕ್ತ ಹುಟ್ಟಿಸುವ ಹಾರ್ಮೋನ್ ತಯಾರಿಸುತ್ತದೆ. ಇನ್ಸುಲಿನ್, ಪ್ರೊಲ್ಯಾಕ್ಟಿನ್ ಥರದ ಹಾರ್ಮೋನ್‌ಗಳನ್ನು ಒಡೆದು ಹೊರಹಾಕುತ್ತದೆ. ಡಯಾಲಿಸಿಸ್ ಮಷಿನ್ ನೀರನ್ನೂ ಕೆಲವು ಕೊಳೆಯನ್ನೂ ತೆಗೆಯುತ್ತದೆ, ಈ ಹಾರ್ಮೋನ್ ಕೆಲಸಗಳನ್ನು ಮಾಡುವುದಿಲ್ಲ. ಅದಕ್ಕೇ ಇಷ್ಟೊಂದು ಮಾತ್ರೆ.

ಕಿಡ್ನಿ ಕೆಟ್ಟಾಗ ರಂಜಕ ಏರುತ್ತದೆ, ಸಕ್ರಿಯ ವಿಟಮಿನ್ ಡಿ ಇಳಿಯುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಕತ್ತಿನಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಕ್ಯಾಲ್ಸಿಯಂ ಸಾಲದು ಅನ್ನುವ ಸುದ್ದಿ ದಿನವಿಡೀ ಹೋಗುತ್ತಿರುತ್ತದೆ. ಅವು ಪಿಟಿಎಚ್ ಸುರಿಸುತ್ತಾ ಸುರಿಸುತ್ತಾ ದಪ್ಪವಾಗುತ್ತವೆ. ಪಿಟಿಎಚ್ ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ಎಳೆಯುತ್ತದೆ. ಸಿನಾಕ್ಯಾಲ್ಸೆಟ್ ಆ ಗ್ರಂಥಿಯ ಮೇಲಿರುವ, ಕ್ಯಾಲ್ಸಿಯಂ ಅಳೆಯುವ ಗ್ರಾಹಿಯನ್ನು ಒತ್ತುತ್ತದೆ. ಗ್ರಂಥಿಗೆ ಕ್ಯಾಲ್ಸಿಯಂ ಸಾಕಷ್ಟಿದೆ ಅಂತ ಭ್ರಮೆಯಾಗುತ್ತದೆ, ಪಿಟಿಎಚ್ ಇಳಿಯುತ್ತದೆ. ಜೊತೆಗೆ ನಿಜವಾದ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಅದು ಅಪರೂಪದ ಅಡ್ಡಪರಿಣಾಮ ಅಲ್ಲ, ಆ ಮಾತ್ರೆ ಕೆಲಸ ಮಾಡುವ ರೀತಿಯೇ ಹಾಗೆ.

ನಿಮ್ಮ ತಂದೆಯ ಅಲ್ಬುಮಿನ್ ಸ್ವಲ್ಪ ಕಡಿಮೆ. ಅದಕ್ಕೆ ಹೊಂದಿಸಿ ಲೆಕ್ಕ ಹಾಕಿದರೂ ಕ್ಯಾಲ್ಸಿಯಂ 7.8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಿನಾಕ್ಯಾಲ್ಸೆಟ್ ತಯಾರಕರ ಸೂಚನೆ ಹೀಗಿದೆ: ಕ್ಯಾಲ್ಸಿಯಂ 8.4ಕ್ಕಿಂತ ಕೆಳಗೆ, 7.5ಕ್ಕಿಂತ ಮೇಲೆ ಇದ್ದರೆ ಕ್ಯಾಲ್ಸಿಯಂ ಇರುವ, ರಂಜಕ ಹಿಡಿಯುವ ಮಾತ್ರೆಯಿಂದಲೋ ವಿಟಮಿನ್ ಡಿಯಿಂದಲೋ ಅದನ್ನು ಮೇಲೆತ್ತಬೇಕು. 7.5ಕ್ಕಿಂತ ಕೆಳಗಿಳಿದರೆ ಅಥವಾ ಜುಮ್ಮೆನ್ನುವುದು, ಸೆಳೆತ ನಿಲ್ಲದಿದ್ದರೆ ಮಾತ್ರೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕು. ನಿಮ್ಮವರು ಈ ಗೆರೆಯ ಹತ್ತಿರವೇ ಇದ್ದಾರೆ. ಪಿಟಿಎಚ್ 410 ಆಗಿರುವಾಗ ಡೋಸ್ ಇಳಿಸಲು ಜಾಗವೂ ಇದೆ. ಡಯಾಲಿಸಿಸ್‌ನಲ್ಲಿರುವವರ ಪಿಟಿಎಚ್ ಉಳಿದವರಷ್ಟೇ ಇರಬೇಕು ಅಂತ ಯಾರೂ ಹೇಳುವುದಿಲ್ಲ. ಲ್ಯಾಬ್‌ನ ಮೇಲಿನ ಮಿತಿಯ 2ರಿಂದ 9 ಪಟ್ಟು ಒಳಗಿದ್ದರೆ ಸರಿ ಅನ್ನುವುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಲ್ಯಾಬ್ ಮಿತಿ 65 ಇದ್ದರೆ ಸುಮಾರು 130ರಿಂದ 585. ರಿಪೋರ್ಟ್‌ನಲ್ಲಿ 410ರ ಮುಂದೆ ಕೆಂಪು ಅಕ್ಷರ ಕಂಡು ಇನ್ನೂ ಇಳಿಸಬೇಕು ಅಂತ ಹಟ ಹಿಡಿದರೆ ಮೂಳೆ ತನ್ನನ್ನು ತಾನು ನವೀಕರಿಸುವುದನ್ನೇ ನಿಲ್ಲಿಸಿಬಿಡಬಹುದು. ಅಂಥ ಸ್ತಬ್ಧ ಮೂಳೆ ಸುಲಭವಾಗಿ ಮುರಿಯುತ್ತದೆ. ಹೆಚ್ಚಾದ ಕ್ಯಾಲ್ಸಿಯಂ ಮೂಳೆ ಸೇರದೆ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ. ಒಂದು ಸಂಖ್ಯೆಗಿಂತ ನಾಲ್ಕಾರು ತಿಂಗಳ ಏರಿಳಿತ ನೋಡಬೇಕು, ಮೂಳೆಯ ಚಟುವಟಿಕೆ ತೋರಿಸುವ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಯ ಜೊತೆಗಿಟ್ಟು ನೋಡಬೇಕು.

ಇನ್ನೊಂದು ಚಿಕ್ಕ ವಿಷಯ. ಸಿನಾಕ್ಯಾಲ್ಸೆಟ್ ನುಂಗಿದ ಕೆಲವು ಗಂಟೆಗಳಲ್ಲಿ ಪಿಟಿಎಚ್ ತಳ ಮುಟ್ಟುತ್ತದೆ, ಆಮೇಲೆ ನಿಧಾನಕ್ಕೆ ಏರುತ್ತದೆ. ಆದ್ದರಿಂದ ಕೊನೆಯ ಡೋಸ್ ಆಗಿ ಕನಿಷ್ಠ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಬೆಳಿಗ್ಗೆ ಮಾತ್ರೆ ನುಂಗಿ, ಮಧ್ಯಾಹ್ನದ ಡಯಾಲಿಸಿಸ್‌ನಲ್ಲಿ ರಕ್ತ ತೆಗೆಸಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ.

ಹೊಟ್ಟೆ ತೊಳಸುವುದಕ್ಕೂ ಇದೇ ಮಾತ್ರೆ ಕಾರಣ ಅಂತ ನನ್ನ ಊಹೆ. 4 ತಿಂಗಳ ಹಿಂದೆ ಶುರು, ಆಮೇಲೆ ಡೋಸ್ ಏರಿಕೆ, ಆಮೇಲೆ ವಾಕರಿಕೆ. ಸಿನಾಕ್ಯಾಲ್ಸೆಟ್ ತೆಗೆದುಕೊಳ್ಳುವವರಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದೇ. ಅದಕ್ಕೆ ವಾಂತಿ ಮಾತ್ರೆ ಸೇರಿಸುವ ಮೊದಲು ಮಾಡಬಹುದಾದದ್ದು ಬೇಕಾದಷ್ಟಿತ್ತು. ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ಅಥವಾ ಊಟ ಆದ ಕೂಡಲೇ ನುಂಗಬೇಕು. ರಾತ್ರಿ ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಜನರಿಗೆ ತೊಳಸುವಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಡೋಸ್ 30ಕ್ಕೆ ಇಳಿಸಿ ನೋಡಬಹುದು. ಡಯಾಲಿಸಿಸ್ ಮುಗಿಯುವಾಗ ಲೈನ್‌ನಲ್ಲೇ ಕೊಡುವ ಎಟೆಲ್‌ಕ್ಯಾಲ್ಸೆಟೈಡ್ ಅನ್ನುವ ಇಂಜೆಕ್ಷನ್ ಇದೆ, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನುಂಗುವ ಕಷ್ಟ ತಪ್ಪುತ್ತದೆ. ಆದರೆ ವಾಕರಿಕೆ ಪೂರ್ತಿ ತಪ್ಪುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಕ್ಯಾಲ್ಸಿಯಂ ಇಳಿಯುವ ಅಪಾಯವಂತೂ ಅಲ್ಲೂ ಇದೆ. ವಾಂತಿಯಲ್ಲಿ ರಕ್ತ ಅಥವಾ ಮಲ ಟಾರಿನಂತೆ ಕಪ್ಪಾಗಿದ್ದರೆ ಮಾತ್ರ ಅದನ್ನು ಮಾತ್ರೆಯ ವಾಕರಿಕೆ ಅಂತ ಬದಿಗಿಡಬೇಡಿ. ಸಿನಾಕ್ಯಾಲ್ಸೆಟ್‌ನವರಲ್ಲಿ ಹೊಟ್ಟೆಯೊಳಗಿನ ರಕ್ತಸ್ರಾವ ವರದಿಯಾಗಿದೆ.

ಈಗ ಎದೆ ಊತ. ಗಂಡಸರು ಇದನ್ನು ಹೇಳಿಕೊಳ್ಳುವುದೇ ಕಡಿಮೆ. ನಿಮ್ಮ ತಂದೆ ನಿಮ್ಮ ಹತ್ತಿರ ಬಾಯಿಬಿಟ್ಟಿದ್ದು ಒಳ್ಳೆಯದಾಯಿತು. ಪ್ರೊಲ್ಯಾಕ್ಟಿನ್ ಅನ್ನುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್. ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ಅದನ್ನು ಸದಾ ಅದುಮಿಟ್ಟಿರುತ್ತದೆ. ಡಾಂಪೆರಿಡೋನ್ ಡೋಪಮಿನ್‌ಗೆ ಅಡ್ಡ ನಿಲ್ಲುವ ಮಾತ್ರೆ. ಅದು ಮೆದುಳಿನೊಳಗೆ ಹೆಚ್ಚು ಹೋಗುವುದಿಲ್ಲ, ಹಾಗಾಗಿ ಸುರಕ್ಷಿತ ಅಂತ ಹೇಳುವುದುಂಟು. ಆದರೆ ರಕ್ತದಿಂದ ಮೆದುಳಿಗೆ ಔಷಧಿ ನುಗ್ಗದಂತೆ ಕಾಯುವ ತಡೆಗೋಡೆ ಇದೆಯಲ್ಲ, ಪಿಟ್ಯುಟರಿ ಇರುವುದೇ ಅದರ ಹೊರಗೆ. ಅದುಮಿಟ್ಟ ಕೈ ತೆಗೆದ ಕೂಡಲೇ ಪ್ರೊಲ್ಯಾಕ್ಟಿನ್ ಏರುತ್ತದೆ. ಆರೋಗ್ಯವಂತರಲ್ಲಿ ಹೀಗೆ ಏರಿದ್ದರಲ್ಲಿ ಒಂದು ಪಾಲನ್ನು ಕಿಡ್ನಿ ಹೊರಹಾಕುತ್ತದೆ. ಇವರಲ್ಲಿ ಆ ದಾರಿಯೂ ಮುಚ್ಚಿದೆ, ಡಾಂಪೆರಿಡೋನ್ ಇಲ್ಲದಿದ್ದರೂ ಡಯಾಲಿಸಿಸ್ ರೋಗಿಗಳಲ್ಲಿ ಹಲವರ ಪ್ರೊಲ್ಯಾಕ್ಟಿನ್ ಮೊದಲೇ ಹೆಚ್ಚಿರುತ್ತದೆ.

ಪ್ರೊಲ್ಯಾಕ್ಟಿನ್ ಏರಿದಾಗ ವೃಷಣಕ್ಕೆ ಹೋಗುವ ಆದೇಶ ಕುಗ್ಗುತ್ತದೆ, ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಡಯಾಲಿಸಿಸ್‌ನಲ್ಲಿರುವ ಗಂಡಸರಲ್ಲಿ ಹಲವರಿಗೆ ಅದು ಮೊದಲೇ ಕೊರತೆಯಲ್ಲಿರುತ್ತದೆ. ಇಲ್ಲಿ ಸಿನಾಕ್ಯಾಲ್ಸೆಟ್ ಮತ್ತೆ ಬರುತ್ತದೆ, ಇದನ್ನು ಬಹಳ ಡಾಕ್ಟರುಗಳೂ ಗಮನಿಸಿರುವುದಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ನಡೆದ 6 ತಿಂಗಳ ಪ್ರಯೋಗವೊಂದರಲ್ಲಿ ಸಿನಾಕ್ಯಾಲ್ಸೆಟ್ ತೆಗೆದುಕೊಂಡವರ ಒಟ್ಟು ಟೆಸ್ಟೊಸ್ಟೆರಾನ್ ಸುಮಾರು 16% ಇಳಿಯಿತು, ಬರೀ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 1ರಷ್ಟೂ ಇಳಿಯಲಿಲ್ಲ. ಔಷಧಿಯ ಅಧಿಕೃತ ವಿವರಪತ್ರದಲ್ಲೇ ಇದು ಅಚ್ಚಾಗಿದೆ. ಆ ಇಳಿಕೆಯೊಂದರಿಂದಲೇ ಎದೆ ಊದುತ್ತದೆ ಅಂತ ಹೇಳಲಾರೆ. ಆದರೆ ಮೊದಲೇ ಕೊರತೆ ಇರುವ ಮೈಯಲ್ಲಿ ಒಂದು ಮಾತ್ರೆ ಟೆಸ್ಟೊಸ್ಟೆರಾನ್ ಇಳಿಸಿ, ಇನ್ನೊಂದು ಪ್ರೊಲ್ಯಾಕ್ಟಿನ್ ಏರಿಸಿದರೆ ಎದೆಯ ಗ್ರಂಥಿ ಬೆಳೆಯುವುದಕ್ಕೆ ಇನ್ನೇನು ಬೇಕು, ಅಲ್ವಾ?

ಒಂದು ಪ್ರೊಲ್ಯಾಕ್ಟಿನ್ ಮತ್ತು ಬೆಳಗಿನ ಟೆಸ್ಟೊಸ್ಟೆರಾನ್ ಪರೀಕ್ಷೆ ಮಾಡಿಸಿ. ಡಾಂಪೆರಿಡೋನ್ ನಿಂತ ಮೇಲೆ ಪ್ರೊಲ್ಯಾಕ್ಟಿನ್ ಕೆಲವೇ ದಿನಗಳಲ್ಲಿ ಇಳಿಯಲು ಶುರುವಾಗುತ್ತದೆ. ಎದೆಯ ನೋವು, ಊತ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ನೋವಿರುವ ಹೊಸ ಊತ ಕರಗುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಬಿಟ್ಟರೆ ಅದು ನಾರಾಗಿ ಉಳಿದುಬಿಡುತ್ತದೆ. ಒಂದೇ ಬದಿಯಲ್ಲಿ ಗಟ್ಟಿ ಗಂಟು ಸಿಕ್ಕಿದರೆ ಅಥವಾ ಮೊಲೆತೊಟ್ಟಿನಿಂದ ರಕ್ತ ಬಂದರೆ ಮಾತ್ರೆಯ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂರಬೇಡಿ, ಸರ್ಜನ್‌ಗೆ ತೋರಿಸಿ. ಡಾಂಪೆರಿಡೋನ್ ಬದಲು ಮೆಟೊಕ್ಲೋಪ್ರಮೈಡ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಪ್ರೊಲ್ಯಾಕ್ಟಿನ್ ವಿಷಯದಲ್ಲಿ ಅದೂ ಅಷ್ಟೇ, ಕಿಡ್ನಿ ಇಲ್ಲದವರಲ್ಲಿ ಮೈಯಲ್ಲಿ ಉಳಿದು ಕೈಕಾಲು ನಡುಕವನ್ನೂ ತರುತ್ತದೆ. ಒಂಡಾನ್ಸೆಟ್ರಾನ್ ಪ್ರೊಲ್ಯಾಕ್ಟಿನ್ ತಂಟೆಗೆ ಹೋಗುವುದಿಲ್ಲ, ಆದರೆ ಕ್ಯೂಟಿಯನ್ನು ಅದೂ ಉದ್ದ ಮಾಡುತ್ತದೆ. ಮೊದಲು ಕ್ಯಾಲ್ಸಿಯಂ ಸರಿಯಾಗಲಿ.

ಮೆಟೊಪ್ರೊಲಾಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಸಿನಾಕ್ಯಾಲ್ಸೆಟ್ ಜೋರಾಗಿ ತಡೆಯುತ್ತದೆ. ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಮೆಟೊಪ್ರೊಲಾಲ್ ಜಾಸ್ತಿಯಾಗುತ್ತದೆ. ಕಳೆದ 4 ತಿಂಗಳಲ್ಲಿ ನಾಡಿ ನಿಧಾನವಾಗಿದೆಯಾ, ಡಯಾಲಿಸಿಸ್ ಮಧ್ಯೆ ಬಿಪಿ ಬೀಳುವುದು ಹೆಚ್ಚಾಗಿದೆಯಾ ನೋಡಿ. ಯೂನಿಟ್‌ನ ಹಾಳೆಗಳಲ್ಲಿ ಪ್ರತಿ ಸಲದ ನಾಡಿ, ಬಿಪಿ ಬರೆದಿರುತ್ತಾರೆ, ಕೇಳಿದರೆ ತೋರಿಸುತ್ತಾರೆ. ಸಿನಾಕ್ಯಾಲ್ಸೆಟ್ ಶುರುವಾದ ದಿನಾಂಕಕ್ಕೆ ಒಂದು ಗೆರೆ ಎಳೆದು ಅದರ ಹಿಂದು ಮುಂದು ಹೋಲಿಸಿ. ಇನ್ನೊಂದು ತೊಡಕು, ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತವನ್ನು ಇಂಥ ಮಾತ್ರೆ ಮುಚ್ಚಿಹಾಕಬಹುದು. ಬೆವರು ಮಾತ್ರ ಉಳಿಯುತ್ತದೆ. ರಾತ್ರಿ ಬನಿಯನ್ ಒದ್ದೆಯಾಗಿದ್ದರೆ ಮೊದಲು ಶುಗರ್ ನೋಡಿ.

ಥೈರಾಯ್ಡ್ ವಿಷಯ ಇದಕ್ಕಿಂತ ಸುಲಭ. ಸೆವೆಲಾಮರ್ ಹೊಟ್ಟೆಯಲ್ಲಿ ರಂಜಕವನ್ನು ಹಿಡಿದು ಮಲದಲ್ಲಿ ಹೊರಗೆ ಕಳಿಸುವ ಅಂಟು. ಅದು ರಂಜಕ ಮಾತ್ರ ಹಿಡಿಯುತ್ತೇನೆ ಅಂತ ಪ್ರತಿಜ್ಞೆ ಮಾಡಿಲ್ಲ. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ ಕೂಡ ಅದಕ್ಕೆ ಸಿಕ್ಕಿಬೀಳುತ್ತದೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಕೂಡ ಹೀಗೇ ಮಾಡುತ್ತವೆ. ನಿಮ್ಮ ತಂದೆ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ತಿಂಡಿ ಜೊತೆ ಸೆವೆಲಾಮರ್ ತೆಗೆದುಕೊಳ್ಳುತ್ತಿರಬಹುದು. ಉಳಿದವರಿಗೆ ಆ ಅರ್ಧ ಗಂಟೆ ಸಾಕು, ಇವರಿಗೆ ಸಾಲದು. ಎರಡರ ನಡುವೆ 4 ಗಂಟೆ ಅಂತರ ಬೇಕು. ಮೂರು ಊಟಕ್ಕೂ ಸೆವೆಲಾಮರ್ ಇದ್ದರೆ ಹಗಲಿನಲ್ಲಿ ಅಂಥ ಸಂದು ಸಿಗುವುದು ಕಷ್ಟ. ರಾತ್ರಿ ಊಟ ಬೇಗ ಮುಗಿಸಿ, 4 ಗಂಟೆ ಬಿಟ್ಟು ಮಲಗುವಾಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವುದೇ ನಾನು ಸಾಮಾನ್ಯವಾಗಿ ಹೇಳುವ ದಾರಿ. 6ರಿಂದ 8 ವಾರ ಹೀಗೆ ನಡೆಸಿ ಟಿಎಸ್‌ಎಚ್ ಮತ್ತೆ ನೋಡಿ. ಅಂತರ ಸರಿಮಾಡದೆ ಡೋಸ್ ಏರಿಸಿದರೆ, ಮುಂದೆ ಎಂದಾದರೂ ಸೆವೆಲಾಮರ್ ನಿಂತ ದಿನ ಥೈರಾಯ್ಡ್ ಅತಿಯಾಗಿ ಎದೆಬಡಿತ ಶುರುವಾಗುತ್ತದೆ. ಟಿ3 (ಥೈರಾಯ್ಡ್‌ನ ಒಂದು ಹಾರ್ಮೋನ್) ಸ್ವಲ್ಪ ಕಡಿಮೆ ಇದೆ ಅಂತ ರಿಪೋರ್ಟ್‌ನಲ್ಲಿ ಬಂದರೆ ಅದಕ್ಕೆಂದೇ ಮಾತ್ರೆ ಬೇಡ. ಡಯಾಲಿಸಿಸ್‌ನವರಲ್ಲಿ ಅದು ಬಹಳ ಸಾಮಾನ್ಯ.

ಬಯೋಟಿನ್ ನಿಲ್ಲಿಸಿ ಅಂದದ್ದು ಇದಕ್ಕೇ. ಅದರಿಂದ ಮೈಗೆ ಕೆಡುಕಿಲ್ಲ, ಲ್ಯಾಬ್‌ಗೆ ಕೆಡುಕು. ಹಲವು ಲ್ಯಾಬ್ ಯಂತ್ರಗಳ ಹಾರ್ಮೋನ್ ಪರೀಕ್ಷೆಯಲ್ಲಿ ಬಯೋಟಿನ್ ಅನ್ನೇ ಕೊಂಡಿಯಾಗಿ ಬಳಸುತ್ತಾರೆ. ರಕ್ತದಲ್ಲಿ ಅದು ಅತಿಯಾಗಿದ್ದರೆ ಟಿಎಸ್‌ಎಚ್, ಪಿಟಿಎಚ್ ಎರಡೂ ನಿಜಕ್ಕಿಂತ ಕಡಿಮೆ ತೋರಿಸಬಹುದು. ಕೂದಲು, ಉಗುರಿಗೆ ಅಂತ ಮಾರುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದುಂಟು, ದಿನಕ್ಕೆ ಬೇಕಾದದ್ದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಕಿಡ್ನಿ ಅದನ್ನು ಹೊರಹಾಕದೆ ಇದ್ದಾಗ ಇನ್ನೂ ಜಾಸ್ತಿ ಉಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಇಲ್ಲಿ ಯೋಚಿಸಬೇಕಾದದ್ದು ಏನೆಂದರೆ, ನಿಮ್ಮ ತಂದೆಯ ನಿಜವಾದ ಟಿಎಸ್‌ಎಚ್ 14ಕ್ಕಿಂತ ಮೇಲಿರಬಹುದು, ಪಿಟಿಎಚ್ ಕೂಡ 410ಕ್ಕಿಂತ ಹೆಚ್ಚಿರಬಹುದು. ಬಯೋಟಿನ್ ಬಿಟ್ಟು ಒಂದೆರಡು ವಾರ ಆದ ಮೇಲೆ ಎರಡನ್ನೂ ಇನ್ನೊಮ್ಮೆ ಮಾಡಿಸಿ, ಲ್ಯಾಬ್‌ನವರಿಗೂ ಹೇಳಿ. ಕ್ಯಾಲ್ಸಿಯಂ ಅಂಕಿ ಬಯೋಟಿನ್‌ನಿಂದ ಕೆಡುವುದಿಲ್ಲ, ಹಾಗಾಗಿ ಆ ತುರ್ತು ತುರ್ತಾಗಿಯೇ ಇರುತ್ತದೆ. ಕೂದಲು ಉದುರುವುದಕ್ಕೆ ಈ ಟಿಎಸ್‌ಎಚ್ ಕಾರಣ ಇರಬಹುದು ಅನ್ನುವುದು ಬೇರೆ ಮಾತು.

ಸಕ್ಕರೆಯ ಲೆಕ್ಕ ಇಡೀ ಕಥೆಯಲ್ಲಿ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆ. ಕಣ ಎಷ್ಟು ದಿನ ಬದುಕಿದರೆ ಅಷ್ಟು ಸಕ್ಕರೆ ಅಂಟುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 120 ದಿನ ಬದುಕುತ್ತದೆ, ಡಯಾಲಿಸಿಸ್‌ನವರಲ್ಲಿ ಅದಕ್ಕಿಂತ ಕಡಿಮೆ. ಎರಿತ್ರೋಪೊಯೆಟಿನ್ ಮತ್ತು ಕಬ್ಬಿಣ ಕೊಟ್ಟಾಗ ಹೊಸ ಕಣಗಳು ರಾಶಿ ರಾಶಿ ಬರುತ್ತವೆ, ಅವುಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ. ನಿಮ್ಮ ತಂದೆಗೆ 2 ತಿಂಗಳ ಹಿಂದೆ ಡೋಸ್ ಏರಿಸಿದ್ದಾರೆ. 5.9 ಬಂದದ್ದು ಆಶ್ಚರ್ಯವಲ್ಲ. ಆ ಅಂಕಿ ಪಕ್ಕಕ್ಕಿಡಿ. ನಂಬಬೇಕಾದದ್ದು ಮನೆಯ ಮೀಟರ್. ಡಯಾಲಿಸಿಸ್ ದಿನ, ಇಲ್ಲದ ದಿನ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ತೋಳಿಗೆ ಅಂಟಿಸುವ ಸೆನ್ಸರ್ ಸಿಕ್ಕಿದರೆ ಎರಡು ವಾರ ಹಾಕಿ ನೋಡುವುದು ಇನ್ನೂ ಒಳ್ಳೆಯದು. ರಾತ್ರಿ ಏನಾಗುತ್ತದೆ ಅನ್ನುವುದು ಅದರಲ್ಲೇ ಕಾಣುವುದು.

ಡಯಾಲಿಸಿಸ್ ದಿನ ಶುಗರ್ ಇಳಿಯುವುದಕ್ಕೆ ಕಾರಣಗಳು ಒಂದರ ಮೇಲೊಂದು. ಡಯಾಲಿಸಿಸ್ ದ್ರವದಲ್ಲಿ ಸಾಮಾನ್ಯವಾಗಿ ಡೆಸಿಲೀಟರ್‌ಗೆ 100 ಮಿಲಿಗ್ರಾಂ ಆಸುಪಾಸಿನ ಗ್ಲೂಕೋಸ್ ಇರುತ್ತದೆ. ರಕ್ತದಲ್ಲಿ 250 ಇದ್ದರೆ ನಾಲ್ಕು ಗಂಟೆಯಲ್ಲಿ ಅದು ದ್ರವದ ಮಟ್ಟಕ್ಕೆ ಜಾರುತ್ತಾ ಬರುತ್ತದೆ. ಕೊಳೆ ಹೋದ ಮೇಲೆ ಮೈ ಇನ್ಸುಲಿನ್‌ಗೆ ಸ್ವಲ್ಪ ಚುರುಕಾಗುತ್ತದೆ. ಮಧ್ಯೆ ಊಟ ತಪ್ಪಿರುತ್ತದೆ ಅಥವಾ ವಾಕರಿಕೆಯಿಂದ ಅರ್ಧಕ್ಕೆ ಬಿಟ್ಟಿರುತ್ತಾರೆ. ಇದಕ್ಕೆಲ್ಲ ಮಿಗಿಲಾಗಿ, ಚುಚ್ಚಿದ ಇನ್ಸುಲಿನ್‌ನ ದೊಡ್ಡ ಪಾಲನ್ನು ಒಡೆಯುತ್ತಿದ್ದ ಕಿಡ್ನಿ ಈಗ ಸುಮ್ಮನಿದೆ. ಹೊಟ್ಟೆ ಖಾಲಿ ಇದ್ದಾಗ ಹೊಸ ಗ್ಲೂಕೋಸ್ ತಯಾರಿಸಿ ಕಾಪಾಡುತ್ತಿದ್ದದ್ದೂ ಅದೇ ಕಿಡ್ನಿ. ಕಿಡ್ನಿ ಪೂರ್ತಿ ನಿಂತವರಲ್ಲಿ ಒಟ್ಟು ಇನ್ಸುಲಿನ್ ಅರ್ಧಕ್ಕೆ ಇಳಿಸಬೇಕಾಗುವುದು ಸಾಮಾನ್ಯ. ಡಯಾಲಿಸಿಸ್ ಆದ ಮೇಲೆ ಬರುವ ದೀರ್ಘಕಾಲದ ಇನ್ಸುಲಿನ್ ಡೋಸನ್ನು ಸುಮಾರು ಕಾಲುಭಾಗ ಕಡಿಮೆ ಮಾಡುವ ಪದ್ಧತಿಯೂ ಇದೆ. ನಿಮ್ಮವರಿಗೆ ಎಷ್ಟು ಅನ್ನುವುದನ್ನು ಆ ಎರಡು ಸಾಲಿನ ಪಟ್ಟಿ ನೋಡಿ ಡಾಕ್ಟರು ಹೇಳಲಿ. 60ಕ್ಕೆ ಇಳಿದ ಆ ರಾತ್ರಿ ನನಗೆ 200ಕ್ಕಿಂತ ಹೆಚ್ಚು ಚಿಂತೆ ತರುತ್ತದೆ. ಎಚ್‌ಬಿಎ1ಸಿ ನೋಡಿ ಬೆನ್ನು ತಟ್ಟುವವರು ಈ 60 ಅನ್ನು ನೋಡಿರುವುದಿಲ್ಲ.

ಇನ್ಸುಲಿನ್ ಬೇಡ, ಮಾತ್ರೆ ಕೊಡಿ ಅಂತ ಯಾರಾದರೂ ಹೇಳಿದರೆ ಎರಡು ಹೆಸರು ನೆನಪಿರಲಿ. ಗ್ಲಿಬೆನ್‌ಕ್ಲಮೈಡ್ ಇಂಥವರಲ್ಲಿ ದಿನಗಟ್ಟಲೆ ಶುಗರ್ ಕೆಳಗಿಡಬಲ್ಲದು. ಮೆಟ್‌ಫಾರ್ಮಿನ್ ಮೈಯಲ್ಲಿ ತುಂಬಿಕೊಂಡು ರಕ್ತದಲ್ಲಿ ಆಮ್ಲ ಏರಿಸುತ್ತದೆ. ಎರಡೂ ಬೇಡ. ಲಿನಾಗ್ಲಿಪ್ಟಿನ್ ಪಿತ್ತದ ಮೂಲಕ ಹೋಗುವುದರಿಂದ ಡೋಸ್ ಬದಲಿಸದೆ ಕೊಡಬಹುದು, ಆದರೆ ಅದರ ಬಲ ಸಾಧಾರಣ.

ಎರಿತ್ರೋಪೊಯೆಟಿನ್ ಬಗ್ಗೆ ಎರಡು ಮಾತು. 1989ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಗುವ ಮುನ್ನ ಡಯಾಲಿಸಿಸ್‌ನವರು ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳಬೇಕಿತ್ತು, ಕೆಲವರಿಗೆ ಗಂಡು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ರಕ್ತ ಏರಿಸಲು ನೋಡುತ್ತಿದ್ದರು. ಈ ಔಷಧಿ ಬಂದ ಮೇಲೆ ರಕ್ತ ಏರಿದ್ದಲ್ಲದೆ ಹಸಿವು, ನಡೆಯುವ ಶಕ್ತಿ, ಲೈಂಗಿಕ ಆಸಕ್ತಿ ಸುಧಾರಿಸಿದ್ದು ಕಂಡುಬಂತು, ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಕೂಡ ಇಳಿಯಿತು. ಹಾಗಾದರೆ ಹಿಮೋಗ್ಲೋಬಿನ್ ಪೂರ್ತಿ 13, 14ಕ್ಕೆ ಒಯ್ಯೋಣ ಅಂತ ಹೊರಟ ದೊಡ್ಡ ಪ್ರಯೋಗಗಳು 1998, 2006 ಮತ್ತು 2009ರಲ್ಲಿ ಬಂದವು. ಲಾಭ ಸಿಗಲಿಲ್ಲ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಹೃದಯದ ತೊಂದರೆಗಳ ಭಯ ಹೆಚ್ಚಿತು. ಹಾಗಾಗಿ ನಿಮ್ಮ ತಂದೆಯ 10.8 ಒಳ್ಳೆಯ ಅಂಕಿ, 11.5 ದಾಟಿಸುವ ಆತುರ ಬೇಡ. ಡೋಸ್ ಏರಿಸಬೇಕಾಗಿ ಬಂದದ್ದು ಯಾಕೆ ಅಂತ ಮಾತ್ರ ಕೇಳಿ. ಏರಿದ ಪಿಟಿಎಚ್ ಮತ್ತು ಸರಿಯಾಗದ ಥೈರಾಯ್ಡ್, ಎರಡೂ ಈ ಇಂಜೆಕ್ಷನ್ ಕೆಲಸ ಮಾಡದಂತೆ ತಡೆಯುತ್ತವೆ. ಟಿಎಸ್‌ಎಚ್ ಸರಿಹೋದರೆ ಡೋಸ್ ತಾನಾಗಿ ಇಳಿಸಬಹುದು, ಬಿಪಿಗೂ ಒಳ್ಳೆಯದು. ರಕ್ತಕ್ಕೆ ನುಂಗುವ ಹೊಸ ಮಾತ್ರೆ ಬಂದಿದೆ ಅಂತ ರೋಕ್ಸಾಡುಸ್ಟಾಟ್ ಬಗ್ಗೆ ಹೇಳಿದರೆ, ಇವರಿಗೆ ಥೈರಾಯ್ಡ್ ತೊಂದರೆ ಇದೆ ಅಂತ ನೆನಪಿಸಿ. ಅದು ಪಿಟ್ಯುಟರಿಯಿಂದ ಬರುವ ಟಿಎಸ್‌ಎಚ್ ಅನ್ನು ಅದುಮಿದ ಉದಾಹರಣೆಗಳಿವೆ, ಆಗ ಆ ಪರೀಕ್ಷೆಯನ್ನೂ ನೆಚ್ಚಿಕೊಳ್ಳುವಂತಿಲ್ಲ.

ಅಟೊರ್ವಾಸ್ಟಾಟಿನ್ ನಡೆಯಲಿ. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಸ್ಟಾಟಿನ್ ಕೊಟ್ಟರೆ ದೊಡ್ಡ ಲಾಭ ಕಾಣಲಿಲ್ಲ ಅಂತ 2005 ಮತ್ತು 2009ರ ಪ್ರಯೋಗಗಳು ತೋರಿಸಿದವು. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ನಿಲ್ಲಿಸಬೇಕಿಲ್ಲ ಅನ್ನುವುದು ಈಗಿನ ಸಲಹೆ. ಅಂದಹಾಗೆ ಸೆವೆಲಾಮರ್ ಕೂಡ ಪಿತ್ತಾಮ್ಲ ಹಿಡಿದು ಕೊಲೆಸ್ಟ್ರಾಲ್ ಇಳಿಸುತ್ತದೆ, ಹಾಗಾಗಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕಡಿಮೆ ಬಂದರೆ ಶ್ರೇಯಸ್ಸು ಸ್ಟಾಟಿನ್ ಒಂದಕ್ಕೇ ಅಲ್ಲ.

ಮುಂದೆ ಯಾರಾದರೂ ಮೂಳೆ ಸವೆತಕ್ಕೆ ಅಂತ 6 ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಬರೆದರೆ, ಕಿಡ್ನಿ ಡಾಕ್ಟರನ್ನು ಕೇಳದೆ ಖಂಡಿತ ಹಾಕಿಸಬೇಡಿ. ಡಯಾಲಿಸಿಸ್‌ನವರಲ್ಲಿ ಅದು ಕ್ಯಾಲ್ಸಿಯಂ ಅನ್ನು ಪ್ರಾಣಕ್ಕೆ ಕುತ್ತು ಬರುವಷ್ಟು ಇಳಿಸಿದ ಕಾರಣ, ಎಫ್‌ಡಿಎ 2024ರ ಜನವರಿಯಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿತು. ನಿಮ್ಮ ತಂದೆಯ ಕ್ಯಾಲ್ಸಿಯಂ ಮೊದಲೇ ಕೆಳಗಿದೆ.

ಡಾಕ್ಟರ ಹತ್ತಿರ ಹೋಗುವಾಗ ಚೀಟಿಗಳ ಜೊತೆ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ. ಒಂದು ಹಾಳೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಯಾವ ಗಂಟೆಗೆ ಯಾವುದು, ಊಟಕ್ಕೆ ಮೊದಲೋ ಆಮೇಲೋ ಅಂತ ಬರೆಯಿರಿ. ಪ್ರತಿ ಮಾತ್ರೆಯ ಮುಂದೆ ಶುರುವಾದ ತಿಂಗಳು, ಕೊಟ್ಟವರು ಯಾರು ಅನ್ನುವುದೂ ಇರಲಿ. ನಿಮ್ಮ ಪತ್ರದಲ್ಲಿ ಕನಿಷ್ಠ ಇಬ್ಬರು ಡಾಕ್ಟರು ಇದ್ದಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿದ್ದ ಹಾಗೆ ಕಾಣುವುದಿಲ್ಲ.

ಕೊನೆಯದಾಗಿ ಹೊಟ್ಟೆಯ ಡಯಾಲಿಸಿಸ್. ಅದರಲ್ಲಿ ನೀರು ಎಳೆಯುವುದಕ್ಕೆ ದ್ರವದಲ್ಲಿ ಗ್ಲೂಕೋಸ್ ತುಂಬಿರುತ್ತಾರೆ. ದಿನಕ್ಕೆ 100ರಿಂದ 200 ಗ್ರಾಂ ಗ್ಲೂಕೋಸ್ ಹೊಟ್ಟೆಯ ಪೊರೆಯ ಮೂಲಕ ರಕ್ತ ಸೇರಬಹುದು. ತೂಕ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುತ್ತವೆ, ಇನ್ಸುಲಿನ್ ಮತ್ತೆ ಹೆಚ್ಚಿಸಬೇಕಾಗುತ್ತದೆ. ಈಗ ಇಳಿಸಿದ ಡೋಸನ್ನೇ ಅಲ್ಲೂ ಮುಂದುವರಿಸಿದರೆ ಆಗದು. ಗ್ಲೂಕೋಸ್ ಹೊರೆ ತಪ್ಪಿಸಲು ದಿನದಲ್ಲಿ ಒಂದು ಚೀಲ ಐಕೊಡೆಕ್ಸ್‌ಟ್ರಿನ್ ಅನ್ನುವ ಬದಲಿ ದ್ರವ ಬಳಸುವುದುಂಟು. ಸಕ್ಕರೆ ಕಾಯಿಲೆಯವರಿಗೆ ಅದು ಒಳ್ಳೆಯ ಆಯ್ಕೆಯೇ. ಆದರೆ ಅದು ಮೈಯಲ್ಲಿ ಮಾಲ್ಟೋಸ್ ಅನ್ನುವ ಬೇರೆ ಸಕ್ಕರೆಯಾಗಿ ಒಡೆಯುತ್ತದೆ. ಕೆಲವು ಬಗೆಯ ಗ್ಲೂಕೋಮೀಟರ್ ಸ್ಟ್ರಿಪ್‌ಗಳು ಮಾಲ್ಟೋಸ್ ಅನ್ನೂ ಗ್ಲೂಕೋಸ್ ಅಂತ ಓದಿಬಿಡುತ್ತವೆ. ನಿಜವಾದ ಶುಗರ್ 50 ಇದ್ದರೂ ಮೀಟರ್ 180 ತೋರಿಸಬಹುದು, ಅದನ್ನು ನಂಬಿ ಇನ್ಸುಲಿನ್ ಚುಚ್ಚಿ ಪ್ರಾಣ ಕಳೆದುಕೊಂಡವರಿದ್ದಾರೆ. ಜಿಡಿಎಚ್-ಪಿಕ್ಯೂಕ್ಯೂ ಅನ್ನುವ ವಿಧಾನದ ಸ್ಟ್ರಿಪ್‌ಗಳಲ್ಲಿ ಈ ದೋಷ. 2009ರಲ್ಲಿ ಇದರ ಬಗ್ಗೆ ಎಚ್ಚರಿಕೆ ಬಂತು, ಐಕೊಡೆಕ್ಸ್‌ಟ್ರಿನ್ ನಿಲ್ಲಿಸಿದ ಮೇಲೂ ಸುಮಾರು 2 ವಾರ ಈ ತಪ್ಪು ಓದು ಉಳಿಯಬಹುದು. ನಿಮ್ಮ ಈಗಿನ ಸ್ಟ್ರಿಪ್ ಡಬ್ಬಿಯೊಳಗಿನ ಹಾಳೆಯಲ್ಲಿ ಯಾವ ವಿಧಾನ ಅಂತ ಬರೆದಿರುತ್ತದೆ. ಆ ಹಾಳೆಯನ್ನೂ ಮಾತ್ರೆ ಚೀಲದೊಳಗೆ ಹಾಕಿಕೊಂಡು ಹೋಗಿ, ಮೊದಲ ಐಕೊಡೆಕ್ಸ್‌ಟ್ರಿನ್ ಚೀಲ ತೆರೆಯುವ ಮುಂಚೆಯೇ ತೋರಿಸಿ.